ದುಡ್ಡಿಲ್ಲದ ಹಾಡಿಗೆ ಪ್ಲಾನೇ ಬಂಡವಾಳ

ಕೋಲ್ಡ್‌ಪ್ಲೇ ಬ್ಯಾಂಡಿನ ‘ಯೆಲ್ಲೋ’ ಹಾಡಿನ ವಿಡಿಯೊ ನೋಡಿದವರಿಗೆ ಅದರಲ್ಲಿ ಏನೂ ಇಲ್ಲ ಅನ್ನಿಸುವುದು ಸಹಜ. ಮಳೆಯಲ್ಲಿ ತೊಯ್ದ ಹುಡುಗನೊಬ್ಬ ರೇನ್‌ಕೋಟ್ ತೊಟ್ಟು ಕಡಲ ದಂಡೆಯಲ್ಲಿ ನಡೆದು ಬರುತ್ತಾನೆ, ಹಾಡುತ್ತಾನೆ, ಹಾಡು ಮುಗಿಯುತ್ತದೆ. ಕಟ್ ಇಲ್ಲ, ಕಥೆ ಇಲ್ಲ, ಬ್ಯಾಂಡಿನ ಉಳಿದ ಮೂವರೂ ಇಲ್ಲ. 2000ನೇ ಇಸವಿಯಲ್ಲಿ ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತ್ಯದ ಸ್ಟಡ್‌ಲ್ಯಾಂಡ್ ತೀರಕ್ಕೆ ಹೊರಡುವಾಗ ತಂಡದ ಲೆಕ್ಕ ಬೇರೆಯೇ ಇತ್ತು. ಹೊಳೆಯುವ ಬಿಸಿಲು, ಇಡೀ ಬ್ಯಾಂಡು, ಸುತ್ತಲೂ ಜನ. ಬಿಸಿಲು ಕೈಕೊಟ್ಟಿತು. ಡ್ರಮ್ಮರ್‌ನ ತಾಯಿಯ ಅಂತ್ಯಕ್ರಿಯೆಯೂ ಅದೇ ದಿನ ಬಂತು. ಉಳಿದದ್ದು ಗಾಯಕ ಕ್ರಿಸ್ ಮಾರ್ಟಿನ್, ಒದ್ದೆ ಮರಳು ಮತ್ತು ಮೋಡ.

ಈ ಕಥೆಯನ್ನು ಮ್ಯೂಸಿಕ್ ವಿಡಿಯೊ ಮಾಡಹೊರಟ ವಿದ್ಯಾರ್ಥಿಗಳು ತಮಗೆ ಬೇಕಾದ ಹಾಗೆ ಓದಿಕೊಳ್ಳುತ್ತಾರೆ. ‘ನೋಡಿ ಸಾರ್, ಪ್ಲಾನ್ ಮಾಡಿದ್ದೆಲ್ಲ ಕೆಟ್ಟೋಯ್ತು, ಸ್ಪಾಟಲ್ಲಿ ಮಾಡಿದ್ದೇ ಹಿಟ್ ಆಯ್ತು’ ಅನ್ನುವುದು ಅವರ ವಾದ. ಅರ್ಧ ಮಾತ್ರ ನಿಜ. ಆ ಶಾಟನ್ನು ಇನ್ನೊಮ್ಮೆ ಗಮನವಿಟ್ಟು ನೋಡಿ. ಅಲೆ ನಿಧಾನ, ನಡಿಗೆ ನಿಧಾನ, ಕೈ ಬೀಸುವುದೂ ನಿಧಾನ. ಆದರೆ ತುಟಿ ಮಾತ್ರ ಹಾಡಿಗೆ ಸರಿಯಾಗಿ ಕೂತಿದೆ. ಕ್ಯಾಮೆರಾ ಸೆಕೆಂಡಿಗೆ 50 ಫ್ರೇಮಿನಂತೆ ಓಡುತ್ತಿತ್ತು. ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಿದ್ದರು, ಅವನೂ ಅದೇ ವೇಗದಲ್ಲಿ ತುಟಿಯಾಡಿಸಿದ. ಅದನ್ನು ಅರ್ಧ ವೇಗಕ್ಕೆ ಇಳಿಸಿದಾಗ ತುಟಿ ಹಾಡಿಗೆ ಬಂದು ಸೇರಿತು, ಮಿಕ್ಕ ಲೋಕವೆಲ್ಲ ನಿಧಾನವಾಯಿತು. ಎರಡು ಪಟ್ಟು ವೇಗದ ಟ್ರ್ಯಾಕು ಮರಳಿನಲ್ಲಿ ಬಿದ್ದಿರುವುದಿಲ್ಲ. ಯಾರೋ ಲೆಕ್ಕ ಹಾಕಿ ಮೊದಲೇ ಮಾಡಿಟ್ಟುಕೊಂಡಿರಬೇಕು.

ನಮಗೂ ಇದು ಹೊಸದಲ್ಲ. ‘ನಾಗರಹಾವು’ (1972) ಚಿತ್ರದ ‘ಬಾರೇ ಬಾರೇ’ ಹಾಡನ್ನು ಪುಟ್ಟಣ್ಣ ಕಣಗಾಲ್ ಸ್ಲೋ ಮೋಷನ್ನಿನಲ್ಲಿ ತೆಗೆದದ್ದು ಕನ್ನಡ ಪ್ರೇಕ್ಷಕರಿಗೆ ಇವತ್ತಿಗೂ ಮನೆಮಾತು. ಹಾಡನ್ನು ಸ್ಪೀಕರಿನಲ್ಲಿ ಹಾಕಿ ತುಟಿ ಕೂಡಿಸುವುದು, ಡ್ಯಾನ್ಸ್ ಮಾಸ್ಟರ್ ಎಣಿಕೆಗೆ ಕ್ಯಾಮೆರಾ ಓಡಿಸುವುದು ಗಾಂಧಿನಗರಕ್ಕೆ ನೀರು ಕುಡಿದಷ್ಟು ಸಲೀಸು. ತೊಂದರೆ ಶುರುವಾಗುವುದೂ ಅಲ್ಲಿಂದಲೇ. ನಮ್ಮ ಪದವಿ ಕಾಲೇಜಿನ ಹುಡುಗ ಹುಡುಗಿಯರು ಸಿನಿಮಾ ಹಾಡು ನೋಡಿ ಬೆಳೆದವರು. ಪತ್ರಿಕೋದ್ಯಮ ಅಥವಾ ವಿಷುವಲ್ ಕಮ್ಯುನಿಕೇಶನ್ ಓದುವವರ ಕೈಗೆ ಕಾಲೇಜಿನದೇ ಬ್ಯಾಂಡಿನ ಹಾಡೊಂದು ಬಂತೆಂದರೆ ಮೊದಲ ಕರಡಿನಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ, ಒಂದು ಬೆಟ್ಟ, ಒಂದು ಬೈಕು, ಕೊನೆಗೊಂದು ಅಗಲಿಕೆ ಇರಲೇಬೇಕು. ನಾನು ನೋಡಿದ ವಿದ್ಯಾರ್ಥಿ ವಿಡಿಯೊಗಳಲ್ಲಿ ಹುಡುಗಿ ಬಿಟ್ಟುಹೋಗದ ವಿಡಿಯೊ ಹುಡುಕುವುದೇ ಕಷ್ಟ.

ಸಿನಿಮಾ ಹಾಡಿಗೆ ಹಿಂದೆ ಒಂದು ಗಂಟೆಯ ಕಥೆ ಇರುತ್ತದೆ, ಮುಂದೆ ಇನ್ನೊಂದು ಗಂಟೆಯದು. ನಾಯಕ ಯಾರು, ಏಕೆ ಹಾಡುತ್ತಿದ್ದಾನೆ ಅನ್ನುವುದು ನೋಡುವವರಿಗೆ ಆಗಲೇ ಗೊತ್ತು. ಬ್ಯಾಂಡಿನ ಹಾಡಿಗೆ ಹಿಂದೂ ಇಲ್ಲ, ಮುಂದೂ ಇಲ್ಲ. ಇರುವ ಮೂರೂವರೆ ನಿಮಿಷದಲ್ಲಿ ಒಂದು ಪ್ರೇಮಕಥೆ ಹುಟ್ಟಿ, ಬೆಳೆದು, ಮುರಿದು ಬೀಳಬೇಕೆಂದರೆ ನಟನೆ ಬಾರದ ಗೆಳೆಯರಿಂದ ಕಣ್ಣೀರು ಹಾಕಿಸಬೇಕಾಗುತ್ತದೆ. ಕ್ಯಾಮೆರಾ ಎಷ್ಟೇ ಒಳ್ಳೆಯದಿದ್ದರೂ ಆ ಕಣ್ಣೀರು ಗ್ಲಿಸರಿನ್ನೇ.

ಇಂಥ ಬ್ಯಾಂಡುಗಳು ನುಡಿಸುವ ಇಂಡೀ ರಾಕ್ ಅನ್ನುವ ಪ್ರಕಾರದ ಗುಣವನ್ನೂ ಇಲ್ಲಿ ನೆನೆಯಬೇಕು. ದೊಡ್ಡ ಕಂಪನಿಗಳ ಹಂಗಿಲ್ಲದೆ ಸಣ್ಣ ಲೇಬಲ್‌ಗಳಲ್ಲಿ ರೆಕಾರ್ಡು ತಂದ ಬ್ರಿಟಿಷ್ ಬ್ಯಾಂಡುಗಳಿಗೆ ಅಂಟಿದ ಹೆಸರು ಅದು. 1986ರಲ್ಲಿ ‘ಎನ್‌ಎಂಇ’ ಪತ್ರಿಕೆ ಇಂಥ ಬ್ಯಾಂಡುಗಳ ಹಾಡು ಸೇರಿಸಿ ‘ಸಿ86’ ಎಂಬ ಕ್ಯಾಸೆಟ್ ತಂದಿತು. ಒರಟು ದನಿ, ಝಣಗುಡುವ ಗಿಟಾರು, ಮನೆಯಲ್ಲೇ ಅಂಟಿಸಿದಂಥ ಕವರು. ದುಡ್ಡಿಲ್ಲದ್ದೇ ಒಂದು ಶೈಲಿಯಾಯಿತು. ಆರ್ಕ್ಟಿಕ್ ಮಂಕೀಸ್ ಬ್ಯಾಂಡಿನವರು 2005ರಲ್ಲಿ ತಮ್ಮ ಮೊದಲ ದೊಡ್ಡ ಸಿಂಗಲ್‌ಗೆ ವಿಡಿಯೊ ಮಾಡುವಾಗ 1980ರ ದಶಕದ ಟಿವಿ ಕ್ಯಾಮೆರಾಗಳನ್ನು ಹುಡುಕಿ ತಂದು, ಸ್ಟುಡಿಯೊದಲ್ಲಿ ನಿಂತು ನೇರವಾಗಿ ನುಡಿಸಿದರು. ಹಳೆಯ ಟಿವಿಯ ಮಸುಕು ಬೇಕೆಂದೇ ಆರಿಸಿದ್ದು. ಬಡತನ ಚಿತ್ರೀಕರಣದ ದಿನ ತಾನಾಗಿ ಕಾಣಿಸಿಕೊಂಡರೆ ಅದು ಎಡವಟ್ಟು. ಒಂದು ತಿಂಗಳು ಮೊದಲೇ ಅದನ್ನು ಕಾಗದದ ಮೇಲೆ ಬರೆದುಕೊಂಡರೆ ಅದು ಶೈಲಿ. ವಿದ್ಯಾರ್ಥಿಗಳ ಪ್ಲಾನು ಮುಖ್ಯವಾಗಿ ಮಾಡಬೇಕಾದ ಕೆಲಸ ಇದು.

ಹಾಡಿನ ಜಾತಕ

ಮೊದಲ ದಿನ ಕ್ಯಾಮೆರಾ ಮುಟ್ಟಬಾರದು. ಹಾಡು, ಗಡಿಯಾರ, ಗೆರೆ ಹಾಕಿದ ಕಾಗದ, ಇಷ್ಟು ಸಾಕು. ಹಾಡಿನ ವೇಗವನ್ನು ಡ್ರಮ್ಮರ್‌ಗೆ ಕೇಳಿ. ರೆಕಾರ್ಡಿಂಗಿನಲ್ಲಿ ತಾಳ ಎಣಿಸುವ ಕ್ಲಿಕ್ ಹಾಕಿಕೊಂಡಿದ್ದರೆ ಅವನಿಗೆ ಬಾಯಿಪಾಠವಿರುತ್ತದೆ. ನಿಮಿಷಕ್ಕೆ 120 ಬೀಟ್ ಅಂದರೆ ಒಂದು ಬೀಟಿಗೆ ಅರ್ಧ ಸೆಕೆಂಡು, ನಾಲ್ಕು ಬೀಟಿನ ಒಂದು ಬಾರಿಗೆ ಎರಡು ಸೆಕೆಂಡು, ಎಂಟು ಬಾರಿಗೆ ಹದಿನಾರು. ರಾಕ್ ಹಾಡುಗಳು ಹೆಚ್ಚಾಗಿ ಎಂಟು ಬಾರುಗಳ ತುಂಡುಗಳಲ್ಲೇ ತಿರುಗುವುದರಿಂದ ಇಡೀ ಹಾಡು ಹದಿನಾರು ಸೆಕೆಂಡಿನ ಕೋಣೆಗಳಾಗಿ ಒಡೆಯುತ್ತದೆ. ಉದಾಹರಣೆಗೆ, 0:16ರವರೆಗೆ ಗಿಟಾರ್ ಒಂದೇ. 0:48ರವರೆಗೆ ಮೊದಲ ವರ್ಸ್. 1:04ಕ್ಕೆ ಕೋರಸ್ ಮುಗಿಯಿತು. 1:36ರವರೆಗೆ ಎರಡನೇ ವರ್ಸ್, 1:52ರವರೆಗೆ ಮತ್ತೆ ಕೋರಸ್, 2:24ರವರೆಗೆ ಗಿಟಾರ್ ಸೋಲೊ. ಅಲ್ಲಿಂದ 2:40ರವರೆಗೆ ಎಲ್ಲ ವಾದ್ಯ ನಿಂತು ದನಿ ಮಾತ್ರ. ಆಮೇಲೆ ಎಲ್ಲರೂ ಒಟ್ಟಿಗೆ ಬಂದು ಬೀಳುವ ಕೊನೆಯ ಕೋರಸ್ 3:12ರವರೆಗೆ, 3:28ಕ್ಕೆ ಮುಕ್ತಾಯ.

ಕೋಣೆಗಳ ಪಕ್ಕದಲ್ಲಿ ಏನು ತೋರಿಸಬೇಕು ಅನ್ನುವುದಕ್ಕಿಂತ ಎಷ್ಟು ಶಾಟ್ ಬೇಕು ಅನ್ನುವುದನ್ನು ಮೊದಲು ಬರೆಯಿರಿ. 208 ಸೆಕೆಂಡಿನ ಹಾಡಿಗೆ ಸರಾಸರಿ ನಾಲ್ಕು ಸೆಕೆಂಡಿಗೊಂದು ಶಾಟ್ ಅಂದರೂ 52 ಶಾಟ್. ಒಂದೊಂದಕ್ಕೂ ಜಾಗ ಬದಲಿಸಿ, ಟ್ರೈಪಾಡ್ ನಿಲ್ಲಿಸಿ, ಒಂದೆರಡು ಸಲ ತೆಗೆಯಲು ಹತ್ತು ನಿಮಿಷ ಹಿಡಿದರೆ 520 ನಿಮಿಷ, ಅಂದರೆ ಎಂಟು ಗಂಟೆ ನಲವತ್ತು ನಿಮಿಷ. ತಿಂಡಿ, ಊಟ, ತಡವಾಗಿ ಬಂದ ಬೇಸ್ ಗಿಟಾರಿಸ್ಟ್, ಇವೆಲ್ಲ ಲೆಕ್ಕದ ಹೊರಗೆ. ಒಂದೇ ದಿನ ಕ್ಯಾಮೆರಾ ಸಿಗುವ ತಂಡಕ್ಕೆ ಈ ಲೆಕ್ಕ ಕಾಗದದಲ್ಲೇ ಕಂಡರೆ ಒಳ್ಳೆಯದು.

ಇದರಿಂದ ಪಾರಾಗಲು ಎಲ್ಲರೂ ಬಳಸುವ ದಾರಿ ಬ್ಯಾಂಡು ನುಡಿಸುವ ದೃಶ್ಯ. ಒಂದು ಜಾಗದಲ್ಲಿ ಬ್ಯಾಂಡನ್ನು ನಿಲ್ಲಿಸಿ ಇಡೀ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಒಂದು ಸಲ ದೂರದಿಂದ, ಒಂದು ಸಲ ಸೊಂಟದ ಮಟ್ಟದಿಂದ, ಒಂದು ಸಲ ಗಾಯಕನ ಮುಖಕ್ಕೆ, ಒಂದು ಸಲ ಕೈಬೆರಳುಗಳಿಗೆ ಹಿಡಿದು ತೆಗೆದರೆ ಒಂದು ಗಂಟೆಯೊಳಗೆ ಇಡೀ ವಿಡಿಯೊಗೆ ಆಧಾರ ಸಿದ್ಧ. ಬೇರೆಲ್ಲ ಹಾಳಾದರೂ ಇಷ್ಟರಿಂದಲೇ ಒಂದು ವಿಡಿಯೊ ಕಟ್ಟಬಹುದು. ಹಾಗಾಗಿ ದಿನದ ಮೊದಲ ಕೆಲಸ ಇದೇ ಆಗಿರಲಿ. ಸಂಜೆಗೆ ಇಟ್ಟುಕೊಂಡವರು ಕತ್ತಲೆಯಲ್ಲಿ ತಡಕಾಡುತ್ತಾರೆ.

ಕೋಣೆಗಳಿಗೆ ಚಿತ್ರ ತುಂಬುವಾಗ ಕೈ ಚಿತ್ರಕಲೆಗೆ ಒಗ್ಗಬೇಕಿಲ್ಲ. ಕಡ್ಡಿ ಮನುಷ್ಯರು ಸಾಕು. ಆ ಕಡ್ಡಿಚಿತ್ರಗಳನ್ನು ಫೋನಿನಲ್ಲಿ ಫೋಟೊ ತೆಗೆದು ಎಡಿಟಿಂಗ್ ಆ್ಯಪಿನಲ್ಲಿ ಹಾಡಿನ ಮೇಲೆ ಸಾಲಾಗಿ ಜೋಡಿಸಿ ಓಡಿಸಿ ನೋಡಿ. ಅನಿಮ್ಯಾಟಿಕ್ ಅನ್ನುವುದು ಇದಕ್ಕೇ. ಗಿಟಾರ್ ಸೋಲೊ ಬಂದಾಗ ಪರದೆ ಬರಿದಾಗಿದೆ, ನಾಲ್ಕು ಸಾಲಿನ ವರ್ಸಿಗೆ ಹನ್ನೆರಡು ಐಡಿಯಾ ತುರುಕಿದ್ದೀರಿ ಅನ್ನುವುದು ಆಗ ಕಣ್ಣಿಗೆ ಹೊಡೆಯುತ್ತದೆ. ವಾದ್ಯ ನಿಂತು ದನಿಯಷ್ಟೇ ಉಳಿಯುವ ಆ ಹದಿನಾರು ಸೆಕೆಂಡಿಗೆ ಒಂದೇ ಶಾಟ್ ಇಟ್ಟು, ಕದಲದೆ ಬಿಡುವ ಧೈರ್ಯ ಹೆಚ್ಚಿನ ತಂಡಗಳಿಗೆ ಅನಿಮ್ಯಾಟಿಕ್ ನೋಡಿದ ಮೇಲೇ ಬರುತ್ತದೆ. ಬ್ರಿಟನ್ನಿನಲ್ಲಿ ಎ-ಲೆವೆಲ್ ಮೀಡಿಯಾ ಸ್ಟಡೀಸ್ ಓದುವ ಹದಿನೇಳು-ಹದಿನೆಂಟರ ಮಕ್ಕಳಿಗೆ ಮ್ಯೂಸಿಕ್ ವಿಡಿಯೊ ಬಹುಕಾಲದಿಂದ ಕೋರ್ಸ್‌ವರ್ಕು. ಅಲ್ಲಿನ ಓಸಿಆರ್ ಎಂಬ ಪರೀಕ್ಷಾ ಮಂಡಳಿಯ ಹಳೆಯ ಪಠ್ಯಕ್ರಮದಲ್ಲಿ ನೂರಕ್ಕೆ 20 ಅಂಕ ಬರಿಯ ಸಂಶೋಧನೆ ಮತ್ತು ಯೋಜನೆಗೇ ಇತ್ತು. ವಿಡಿಯೊ ಚೆನ್ನಾಗಿ ಬರದಿದ್ದರೂ ಕಡ್ಡಿಚಿತ್ರಗಳಿಗೆ ಅಂಕ ಸಿಗುತ್ತಿತ್ತು. ನಮ್ಮ ಇಂಟರ್ನಲ್ ಅಸೆಸ್‌ಮೆಂಟಿನಲ್ಲೂ ಹೀಗೊಂದು ಪಾಲಿದ್ದರೆ ಎಷ್ಟೋ ವಿಡಿಯೊಗಳ ಹಣೆಬರಹ ಬದಲಾಗುತ್ತಿತ್ತು.

ಹಾಡು ಹೇಳಿದ್ದನ್ನೇ ತೋರಿಸಬೇಕೇ?

ಬ್ರಿಟನ್ನಿನ ಆ ಮಕ್ಕಳಿಗೆ ಪಾಠವಾಗುವ ಹೆಸರುಗಳಲ್ಲಿ ಆ್ಯಂಡ್ರ್ಯೂ ಗುಡ್ವಿನ್ ಒಬ್ಬರು. 1992ರಲ್ಲಿ ಬಂದ ‘ಡ್ಯಾನ್ಸಿಂಗ್ ಇನ್ ದ ಡಿಸ್ಟ್ರ್ಯಾಕ್ಷನ್ ಫ್ಯಾಕ್ಟರಿ’ ಪುಸ್ತಕದಲ್ಲಿ ಅವರು ಹಾಡಿಗೂ ಚಿತ್ರಕ್ಕೂ ಮೂರು ಬಗೆಯ ನಂಟು ಗುರುತಿಸುತ್ತಾರೆ. ಚಿತ್ರ ಹಾಡಿನ ಮಾತನ್ನೇ ತೋರಿಸಬಹುದು, ಮಾತಿಗೆ ಹೊಸದೇನಾದರೂ ಕೂಡಿಸಬಹುದು, ಇಲ್ಲವೇ ಮಾತಿಗೆ ಸಂಬಂಧವೇ ಇಲ್ಲದಂತೆ ಬೇರೆ ದಾರಿ ಹಿಡಿಯಬಹುದು.

ಹಾಸನದ ಕಡೆಯ ಹುಡುಗನೊಬ್ಬ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೊರಡುವ ಹಾಡೊಂದಿದೆ ಅಂದುಕೊಳ್ಳಿ. ಮೊದಲ ಬಗೆಯಲ್ಲಿ ಬ್ಯಾಗು, ಬಸ್‌ಸ್ಟ್ಯಾಂಡು, ಕೆಎಸ್‌ಆರ್‌ಟಿಸಿ ಬಸ್ಸಿನ ಕಿಟಕಿ, ಹಿಂದೆ ಸರಿಯುವ ತೆಂಗಿನ ಮರ. ತಪ್ಪೇನಿಲ್ಲ. ಆದರೆ ಹಾಡು ಕೇಳಿದವರು ಅದನ್ನೆಲ್ಲ ಮನಸ್ಸಿನಲ್ಲಿ ಆಗಲೇ ನೋಡಿಯಾಗಿದೆ. ಎರಡನೇ ಬಗೆಯಲ್ಲಿ ಹುಡುಗ ಪರದೆಗೆ ಬರುವುದೇ ಇಲ್ಲ. ಅವನು ಹೋದ ಮೇಲಿನ ಮನೆ ಇದೆ. ಅಮ್ಮ ಅಭ್ಯಾಸಬಲದಿಂದ ಮೂರು ಲೋಟಕ್ಕೆ ಕಾಫಿ ಬಗ್ಗಿಸಿ, ಒಂದನ್ನು ಮತ್ತೆ ಪಾತ್ರೆಗೆ ಸುರಿಯುತ್ತಾರೆ. ಚಾರ್ಜರಿನ ವಯರು ಗೋಡೆಯಲ್ಲೇ ನೇತಾಡುತ್ತಿದೆ. ಅಪ್ಪ ಅವನ ಹಳೆಯ ಸ್ಲಿಪ್ಪರ್ ಹಾಕಿಕೊಂಡು ತೋಟಕ್ಕೆ ಹೋಗುತ್ತಾರೆ, ಅಳತೆ ಒಂದು ಬೆರಳು ಹೆಚ್ಚು. ಮೂರನೇ ಬಗೆಯಲ್ಲಿ ಇದಾವುದೂ ಇಲ್ಲ. ಬ್ಯಾಂಡು ಯಾರದೋ ಮದುವೆ ಮುಗಿದ ಕಲ್ಯಾಣ ಮಂಟಪದಲ್ಲಿ ಕುರ್ಚಿ ಪೇರಿಸುವವರ ನಡುವೆ ನಿಂತು ನುಡಿಸುತ್ತಿದೆ.

ನನ್ನ ಓಟು ಎರಡನೆಯದಕ್ಕೆ, ಅದರಲ್ಲೂ ವಿದ್ಯಾರ್ಥಿಗಳಿಗೆ. ಒಂದು ಮನೆ, ಇಬ್ಬರು ಹಿರಿಯರು, ಒಂದು ಬೆಳಗು. ನಟನೆ ಬೇಡ, ಕಾಫಿ ಬಗ್ಗಿಸಲು ಬಂದರೆ ಸಾಕು. ಮೂರನೆಯದು ಕಾಗದದಲ್ಲಿ ಸೊಗಸಾಗಿ ಕಾಣುತ್ತದೆ, ಪರದೆಯಲ್ಲಿ ಅನೇಕ ಸಲ ‘ಇದ್ಯಾಕೆ ಇಲ್ಲಿ?’ ಅನ್ನಿಸಿಬಿಡುತ್ತದೆ.

ಒಂದೇ ಒಂದು ಯೋಚನೆಯನ್ನು ಕೊನೆಯತನಕ ಎಳೆದ ವಿಡಿಯೊಗಳನ್ನು ತಂಡವೆಲ್ಲ ಕೂತು ನೋಡುವುದು ಒಳ್ಳೆಯದು. 1965ರಲ್ಲಿ ಲಂಡನ್ನಿನ ಸವಾಯ್ ಹೋಟೆಲ್ ಹಿಂದಿನ ಓಣಿಯಲ್ಲಿ ಬಾಬ್ ಡಿಲನ್ ಹಾಡಿನ ಪದಗಳನ್ನು ಬರೆದ ರಟ್ಟುಗಳನ್ನು ಒಂದೊಂದಾಗಿ ತೋರಿಸಿ ಬಿಸಾಡುತ್ತಾನೆ, ಕ್ಯಾಮೆರಾ ಅಲ್ಲಾಡುವುದಿಲ್ಲ. ಡಿ. ಎ. ಪೆನ್ನಿಬೇಕರ್ ತೆಗೆದ ಸಾಕ್ಷ್ಯಚಿತ್ರಕ್ಕಾಗಿ ಮಾಡಿದ ದೃಶ್ಯ ಅದು. ಖರ್ಚು ರಟ್ಟು ಮತ್ತು ಮಾರ್ಕರಿನದು. 2006ರಲ್ಲಿ ಓಕೆ ಗೋ ಬ್ಯಾಂಡಿನ ನಾಲ್ವರು ಎಂಟು ಟ್ರೆಡ್‌ಮಿಲ್ ಸಾಲಾಗಿ ಇಟ್ಟು ಅವುಗಳ ಮೇಲೆ ಕುಣಿದರು. ನೃತ್ಯ ಸಂಯೋಜಿಸಿದ್ದು ಗಾಯಕನ ಅಕ್ಕ ಟ್ರಿಶ್ ಸೀ, ಕ್ಯಾಮೆರಾ ಇಟ್ಟ ಕಡೆಯೇ ಇತ್ತು, ಮುಂದಿನ ವರ್ಷ ಗ್ರ್ಯಾಮಿ ಬಂತು. ಇದನ್ನು ನೋಡಿ ‘ಒಂದೇ ಶಾಟ್, ಸುಲಭ’ ಅಂದುಕೊಂಡವರು ಅದರ ಹಿಂದಿನ ತಾಲೀಮನ್ನು ಮರೆಯುತ್ತಾರೆ. ಸ್ಟಾಪ್-ಮೋಷನ್ ಮೋಹವೂ ಇಂಥದ್ದೇ. ವೈಟ್ ಸ್ಟ್ರೈಪ್ಸ್ ಬ್ಯಾಂಡಿನ ಹಾಡೊಂದಕ್ಕೆ ನಿರ್ದೇಶಕ ಮಿಶೆಲ್ ಗಾಂಡ್ರಿ 2002ರಲ್ಲಿ ಲೆಗೊ ಇಟ್ಟಿಗೆಗಳಲ್ಲಿ ಮಾಡಿದ ವಿಡಿಯೊ ನೋಡಿ ಆಸೆಪಡದವರಿಲ್ಲ. ಆ ಹಾಡು ಎರಡು ನಿಮಿಷವೂ ಇಲ್ಲ ಅನ್ನುವುದನ್ನು ಗಮನಿಸಿ. ನಿಮ್ಮ 208 ಸೆಕೆಂಡಿಗೆ, ಸೆಕೆಂಡಿಗೆ ಬರೀ 12 ಚಿತ್ರ ಅಂದರೂ 2,496 ಫೋಟೊ ತೆಗೆಯಬೇಕು. ಸೆಮಿಸ್ಟರ್ ಮುಗಿದಿರುತ್ತದೆ.

ಬೆಳಕು, ಕೇಬಲ್, ಅನುಮತಿ

ನಮ್ಮ ಕಡೆ ಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿಂದ ಬೀಳುತ್ತದೆ. ಕಣ್ಣಿನ ಕುಳಿಯಲ್ಲಿ ಕಪ್ಪು, ಮೂಗಿನ ಕೆಳಗೆ ಮೀಸೆಯಂಥ ನೆರಳು. ಹೊರಗಿನ ಕೆಲಸ ಬೆಳಗ್ಗೆ ಒಂಬತ್ತರೊಳಗೆ ಅಥವಾ ನಾಲ್ಕರ ನಂತರ, ನಡುವಿನದೆಲ್ಲ ಒಳಾಂಗಣ. ಒಳಗೆ ಟ್ಯೂಬ್‌ಲೈಟಿನದು ಬೇರೆ ಕಾಟ. ನಮ್ಮ ಕರೆಂಟು 50 ಹರ್ಟ್ಸ್‌ನದು, ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಫೋನು 30 ಫ್ರೇಮಿನಲ್ಲಿ ತನಗೆ ತೋಚಿದ ಶಟರ್ ವೇಗ ಹಿಡಿದುಕೊಂಡರೆ ಗೋಡೆಯ ಮೇಲೆ ಕಪ್ಪು ಪಟ್ಟೆಗಳು ಹರಿಯತೊಡಗುತ್ತವೆ. 25 ಫ್ರೇಮ್, 1/50 ಶಟರ್ ಎಂದು ಕೈಯಾರೆ ಲಾಕ್ ಮಾಡುವ ಕ್ಯಾಮೆರಾ ಆ್ಯಪ್ ಹಾಕಿಕೊಂಡರೆ ಅರ್ಧ ಪೀಡೆ ಕಳೆಯಿತು. ಫ್ರೇಮ್ ಲಾಕ್ ಮಾಡದ ಫೋನುಗಳು ವೇಗವನ್ನು ತಾವೇ ಹಿಗ್ಗಿಸಿ ಕುಗ್ಗಿಸುವುದರಿಂದ ಹಾಡಿನ ಆರಂಭದಲ್ಲಿ ಸರಿಯಿದ್ದ ತುಟಿ ಮೂರನೇ ನಿಮಿಷದ ಹೊತ್ತಿಗೆ ಹಾಡಿನಿಂದ ಜಾರಿರುವುದೂ ಉಂಟು.

ತುಟಿಯ ಮಾತು ಬಂದದ್ದಕ್ಕೆ ಇನ್ನೊಂದು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಮೈದಾನದ ಈ ತುದಿಯಲ್ಲಿ ಕ್ಯಾಮೆರಾ ಪಕ್ಕ ಸ್ಪೀಕರ್ ಇಟ್ಟು, ಬ್ಯಾಂಡನ್ನು 34 ಮೀಟರ್ ಆಚೆ ನಿಲ್ಲಿಸಿದರೆ ಹಾಡು ಅವರನ್ನು ತಲುಪುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಕಳೆದಿರುತ್ತದೆ, ಅಂದರೆ ಎರಡೂವರೆ ಫ್ರೇಮು. ಎಡಿಟಿಂಗಿನಲ್ಲಿ ‘ಏನೋ ಸರಿಯಿಲ್ಲ’ ಅಂತ ತಲೆ ಕೆರೆದುಕೊಳ್ಳುವುದು ಇಂಥದ್ದಕ್ಕೇ. ಸ್ಪೀಕರ್ ಗಾಯಕನ ಕಾಲ ಬುಡದಲ್ಲಿರಲಿ, ಫ್ರೇಮಿನಿಂದ ಒಂದು ಗೇಣು ಹೊರಗೆ. ಅವನು ಸುಮ್ಮನೆ ತುಟಿಯಾಡಿಸದೆ ಗಂಟಲು ಬಿಟ್ಟು ಹಾಡಲಿ. ಕತ್ತಿನ ನರ ಉಬ್ಬದ ರಾಕ್ ಗಾಯಕನನ್ನು ಯಾರೂ ನಂಬುವುದಿಲ್ಲ. ಡ್ರಮ್ಮರ್ ಸಿಂಬಲ್‌ಗೆ ನಿಜವಾಗಿಯೂ ಬಾರಿಸಲಿ. ಆಡಿಯೊ ಹೇಗೂ ರೆಕಾರ್ಡಿಂಗಿನದೇ. ಎಲೆಕ್ಟ್ರಿಕ್ ಗಿಟಾರಿಗೆ ಕೇಬಲ್ ಚುಚ್ಚಿದೆಯೇ ನೋಡಿ. ಬೆಟ್ಟದ ತುದಿಯಲ್ಲಿ ಪ್ಲಗ್ಗಿಲ್ಲದ ಗಿಟಾರಿನಿಂದ ಭೋರ್ಗರೆತ ಬರುವ ವಿಡಿಯೊಗೆ ಕಾಮೆಂಟುಗಳು ಬರುವ ಬಗೆ ಎಲ್ಲರಿಗೂ ಗೊತ್ತು.

ಜಾಗ ಆರಿಸುವಾಗ ಯಾರನ್ನು ಕೇಳಬೇಕು ಅನ್ನುವುದೇ ಮೊದಲ ಪ್ರಶ್ನೆಯಾಗಲಿ. ಹಂಪಿ, ಬೇಲೂರುಗಳಂಥ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ನಿಲ್ಲಿಸಿ ಚಿತ್ರೀಕರಿಸಲು ಮೊದಲೇ ಅನುಮತಿ ಬೇಕು. ರೈಲು, ಮೆಟ್ರೊ ನಿಲ್ದಾಣಗಳಿಗೂ ಅಷ್ಟೇ. ಡ್ರೋನ್ ಆಸೆಯಿದ್ದರೆ 2021ರ ಡ್ರೋನ್ ನಿಯಮಗಳನ್ನು ಓದಿ. 250 ಗ್ರಾಮಿನೊಳಗಿನ ಪುಟ್ಟ ಡ್ರೋನಿಗೂ ವಿಮಾನ ನಿಲ್ದಾಣದ ಆಸುಪಾಸಿನಂಥ ನಿರ್ಬಂಧಿತ ವಲಯಗಳಲ್ಲಿ ರಿಯಾಯಿತಿ ಇಲ್ಲ. ಇದಕ್ಕೆಲ್ಲ ಓಡಾಡುವ ಬದಲು ಗೆಳೆಯನ ಮನೆಯ ಟೆರೇಸು, ಬಾಡಿಗೆಗೆ ಬಿಟ್ಟಿರದ ಗೋಡೌನು, ಭಾನುವಾರದ ಖಾಲಿ ಕ್ಲಾಸ್‌ರೂಮು ಆರಿಸಿಕೊಂಡು, ಅಲ್ಲಿನ ಬೆಳಕು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆ ಅಂತ ಹಿಂದಿನ ವಾರವೇ ಹೋಗಿ ನೋಡಿ ಬರುವುದು ಮೇಲು. ಹೋದಾಗ ಪ್ಲಗ್ ಪಾಯಿಂಟುಗಳನ್ನೂ ಎಣಿಸಿ.

ಹಾಡು ನಿಮ್ಮ ಕಾಲೇಜಿನ ಬ್ಯಾಂಡಿನದಲ್ಲದೆ ಹೆಸರಾಂತ ಬ್ಯಾಂಡಿನದಾದರೆ ಎರಡು ಹಕ್ಕುಗಳು ಅಡ್ಡ ಬರುತ್ತವೆ. ಬರೆದವರ, ರಾಗ ಕೂಡಿಸಿದವರ ಹಕ್ಕು ಒಂದು, ರೆಕಾರ್ಡಿಂಗಿನ ಒಡೆಯರದ್ದು ಇನ್ನೊಂದು. ಕ್ಲಾಸಿನೊಳಗೆ ಪಾಠದ ಭಾಗವಾಗಿ ಮಾಡಿ ತೋರಿಸುವುದಕ್ಕೆ 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಒಂದಿಷ್ಟು ಸಡಿಲಿಕೆ ಇದೆ. ಯೂಟ್ಯೂಬಿಗೆ ಹಾಕುವುದು ಬೇರೆ ಮಾತು. ಅಲ್ಲಿನ ಕಂಟೆಂಟ್ ಐಡಿ ಹಾಡನ್ನು ಗುರುತಿಸಿದರೆ ವಿಡಿಯೊ ತಡೆಹಿಡಿಯಬಹುದು, ಇಲ್ಲವೇ ಜಾಹೀರಾತಿನ ಹಣ ಅವರ ಪಾಲಾಗಬಹುದು. ಬ್ಯಾಂಡಿಗೆ ಒಂದು ಇಮೇಲ್ ಬರೆದು ಕೇಳುವುದರಿಂದ ನಷ್ಟವೇನಿಲ್ಲ. ಇಂಡೀ ಬ್ಯಾಂಡುಗಳ ಅನುಕೂಲವೆಂದರೆ ಕಾಗದ ಎಷ್ಟೋ ಸಲ ನೇರ ಗಿಟಾರಿಸ್ಟಿನ ಕೈಗೇ ಹೋಗುತ್ತದೆ.

ಎಡಿಟಿಂಗ್ ಟೇಬಲಿನಲ್ಲಿ ಮೊದಲು ಬ್ಯಾಂಡ್ ನುಡಿಸಿದ ಟೇಕುಗಳನ್ನಷ್ಟೇ ಜೋಡಿಸಿ ಇಡೀ ಹಾಡು ಮುಗಿಸಿಬಿಡಿ. ಆಮೇಲೆ ಕಾಫಿಲೋಟ, ಸ್ಲಿಪ್ಪರುಗಳನ್ನು ಬೇಕಾದಲ್ಲಿ ಅದರ ಮೇಲೆ ಕೂರಿಸಿ. ಪ್ರತಿ ಬೀಟಿಗೂ ಕಟ್ ಮಾಡುವ ಚಪಲ ಬೇಡ. ಒಂದೆರಡು ಕಟ್ ಬೀಟಿಗಿಂತ ಕೂದಲೆಳೆ ಮುಂಚೆ ಬಂದರೆ ಹಾಡು ಓಡಿದಂತೆ ಅನ್ನಿಸುತ್ತದೆ. ಮೊದಲ ಕರಡನ್ನು ಬ್ಯಾಂಡಿಗೆ ತೋರಿಸುವ ಮುನ್ನ ಒಬ್ಬೊಬ್ಬರು ಎಷ್ಟು ಸೆಕೆಂಡು ಕಾಣಿಸಿಕೊಂಡಿದ್ದಾರೆ ಅಂತ ಎಣಿಸಿಡಿ. ಹಿಂದೆ ಕೂತ ಡ್ರಮ್ಮರ್ ಹೇಗೂ ಎಣಿಸುತ್ತಾನೆ.